ಇಲ್ಲದ ಮಹಡಿಯಲ್ಲಿ ಕುಡಿದ ಚಹಾ

ಇವತ್ತು ಮಾಡಿದ್ದು ಇಷ್ಟು. ಐದೂವರೆಗೆ ನಳ ಬಂತು. ಒಂದು ಪಿಪಾಯಿ, ಆರು ಕೊಡ ತುಂಬಿದೆ. ಹದಿನಾರು ರೊಟ್ಟಿ ಬಡಿದೆ. ಒಂದು ಹೊತ್ತಿತು, ಯಾರಿಗೂ ತೋರಿಸದೆ ಎಮ್ಮೆಗೆ ಹಾಕಿದೆ. ಮನೆಯವರ ಅಂಗಿಗೆ ಗುಂಡಿ ಹಚ್ಚಿದೆ. ಬಣ್ಣ ಬೇರೆಯಾಯಿತು, ಅವರಿನ್ನೂ ನೋಡಿಲ್ಲ. ಶೇಂಗಾ ಹುರಿದು ಮೊರದಲ್ಲಿ ಆರಲು ಇಟ್ಟೆ. ಮಾವನವರ ಚಷ್ಮಾ ಹುಡುಕಿದೆ. ಹಾಸಿಗೆಯ ಸುರುಳಿಯೊಳಗೆ ಸಿಕ್ಕಿತು. ಹನ್ನೊಂದರ ಸುಮಾರಿಗೆ ಪಂಚಾಯತಿಯಿಂದ ಮನೆ ಅಳೆಯಲು ಒಬ್ಬ ಹೆಣ್ಣುಮಗಳು ಬಂದಳು. ಅಲ್ಲಿಗೆ ನನ್ನ ಕೆಲಸ ನಿಂತಿತು.

ಅವಳ ಕೈಯಲ್ಲಿ ಟೇಪು ಇರಲಿಲ್ಲ. ಸೋಪಿನಷ್ಟು ದೊಡ್ಡದೊಂದು ಯಂತ್ರ ಇತ್ತು. ಅದನ್ನು ಒತ್ತಿದರೆ ಎದುರಿನ ಗೋಡೆಯ ಮೇಲೆ ಕುಂಕುಮದ ಬೊಟ್ಟಿನಂಥ ಕೆಂಪು ಚುಕ್ಕೆ ಬೀಳುತ್ತಿತ್ತು, ಅಳತೆ ತಾನೇ ಬರುತ್ತಿತ್ತು. ಪಡಸಾಲೆ ಆಯಿತು, ನಡುಮನೆ ಆಯಿತು. ಅವಳು ತಲೆ ಎತ್ತಿ ಕೇಳಿದಳು: "ಅಕ್ಕಾರ, ಮ್ಯಾಲೆ ಅಂತಸ್ತ ಐತೇನ್ರಿ?"

ನನಗೆ ನಗು ಬಂತು. ಸಣ್ಣ ನಗುವಲ್ಲ, ಬಾಗಿಲ ಚೌಕಟ್ಟು ಹಿಡಿದುಕೊಂಡು ನಗುವ ನಗು.

"ಯಾಕ್ರೀ ಅಕ್ಕಾ, ನಾ ಏನರೆ ತಪ್ಪ ಕೇಳಿದ್ನೇನು?"

"ಇಲ್ರಿ ಮೇಡಮ್ಮಾರ, ಕುಂಡ್ರಿ, ಚಾ ಮಾಡತೀನಿ. ಅದೊಂದ ದೊಡ್ಡ ಕತಿ ಐತಿ."

ಕತೆ ಕೇಳಲು ಅವಳಿಗೆ ಪುರುಸೊತ್ತಿರಲಿಲ್ಲ, ಓಣಿಯ ಮನೆಗಳೆಲ್ಲ ಇನ್ನೂ ಬಾಕಿ. ನಿಮಗೆ ಪುರುಸೊತ್ತು ಇದ್ದ ಹಾಗೆ ಕಾಣುತ್ತದೆ, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ನಮ್ಮೂರು ನಿಪ್ಪಾಣಿಗೂ ಚಿಕ್ಕೋಡಿಗೂ ನಡುವೆ ಇದೆ. ಹೆಸರು ಹೇಳುವುದಿಲ್ಲ, ಹೇಳಿದರೆ ಎರಡೂ ಪಾರ್ಟಿಯವರು ಮನೆಗೆ ಬರುತ್ತಾರೆ, ಅಷ್ಟು ಜನಕ್ಕೆ ಹಾಲು ಸಾಲುವುದಿಲ್ಲ. ನಮ್ಮ ಮಾವ ಸಿದ್ರಾಮ ಗವಂಡಿ ಅಂದರೆ ಊರಲ್ಲಿ ಗೊತ್ತಿಲ್ಲದವರಿಲ್ಲ. ಮನೆ ಕಟ್ಟುವ ಕೆಲಸ; ಊರಿನ ಅರ್ಧ ಸ್ಲ್ಯಾಬುಗಳನ್ನು ಹಾಕಿದ್ದು ಅವರೇ. ಅಕ್ಕೋಳದ ಕಡೆಗೂ ಹೋಗಿ ಕಟ್ಟಿ ಬಂದಿದ್ದಾರೆ. ನನ್ನನ್ನು ನೋಡಲು ನನ್ನ ತವರು ದಿಗ್ಗೇವಾಡಿಗೆ ಬಂದಾಗ, ನಾನು ತಲೆ ಬಗ್ಗಿಸಿ ಅವಲಕ್ಕಿ ತಂದಿಟ್ಟರೆ ಅವರು ನೋಡುತ್ತಿದ್ದದ್ದು ನನ್ನ ಬೆನ್ನ ಹಿಂದಿನ ಗೋಡೆಯನ್ನು. "ಬೀಗರ, ಈ ಗ್ವಾಡಿ ಒಂದ ಬೆರಳ ವಾಲೈತಿ ನೋಡ್ರಿ" ಅಂದರು. ನಮ್ಮಪ್ಪನಿಗೆ ಸಿಟ್ಟು ಬಂದು ಸಂಬಂಧವೇ ಮುರಿಯುವುದರಲ್ಲಿತ್ತು. ನನ್ನ ಹೆಸರು ಕೇಳಿದ್ದು ಆಮೇಲೆ.

ಅವರ ಜೀವದ ಗೆಳೆಯ ಬಾಪೂಕಾಕಾ. ಇಬ್ಬರೂ ನಾಲ್ಕನೇ ಇಯತ್ತೆಯಲ್ಲಿ ಒಟ್ಟಿಗೇ ನಪಾಸಾದವರು. ಒಬ್ಬರು ಗಾರೆಯ ಕರಣಿ ಹಿಡಿದರು, ಇನ್ನೊಬ್ಬರು ಪಂಚಾಯತಿ ಮೆಂಬರಾದರು. ದಿನಾ ಬೆಳಿಗ್ಗೆ ಆರಕ್ಕೆ ಬಾಪೂಕಾಕಾ ನಮ್ಮ ಕಟ್ಟೆಗೆ ಬರಬೇಕು, ಇಬ್ಬರೂ ಚಹಾ ಕುಡಿಯಬೇಕು, ಆಮೇಲೆ ಊರು ಏಳಬೇಕು. ಸೊಸೆಯಾಗಿ ಬಂದ ಮರುದಿನವೇ ಆ ಎರಡು ಕಪ್ಪು ನನ್ನ ಪಾಲಿಗೆ ಬಂತು. ಮಾವನದಕ್ಕೆ ಒಂದು ಚಮಚ ಸಕ್ಕರೆ, ಬಾಪೂಕಾಕಾನದಕ್ಕೆ ಮೂರು. "ರಾಜಕಾರಣದಾಗ ಇದ್ದವರ ಬಾಯಿ ಕಹಿ ಇರತೈತಿ ಬಾಳ, ಇನ್ನೊಂದೀಟ ಹಾಕ" ಅನ್ನುತ್ತಿದ್ದರು.

ಇನ್ನು ನಮ್ಮೂರ ಪಾರ್ಟಿಗಳ ವಿಷಯ. ಪಂಚಾಯತಿ ಚುನಾವಣೆಗೆ ಕಾಗದದ ಮೇಲೆ ಪಾರ್ಟಿ ಇಲ್ಲ. ನಮ್ಮೂರಲ್ಲಿ ಪಾರ್ಟಿ ಬಿಟ್ಟರೆ ಬೇರೇನೂ ಇಲ್ಲ. ನಾವೂ ಬಾಪೂಕಾಕಾನೂ ಇರುವ ಮೇಲಿನ ಓಣಿಯದೊಂದು, ಕೆಳಗಿನ ಓಣಿಯದೊಂದು. ಮೇಲಿನವರು ಚಿಕ್ಕೋಡಿಯ ಯಾವ ಸಾಹುಕಾರರ ಹಿಂದೆ ಹೋಗುತ್ತಾರೋ, ಕೆಳಗಿನವರು ಅವರ ವಿರೋಧಿಯ ಹಿಂದೆ. ಒಮ್ಮೆ ಆ ಇಬ್ಬರು ಸಾಹುಕಾರರೂ ರಾತ್ರೋರಾತ್ರಿ ಪಕ್ಷ ಅದಲುಬದಲು ಮಾಡಿಕೊಂಡರು. ನಮ್ಮೂರವರು ಬೆಳಿಗ್ಗೆ ಎದ್ದು ಬಾವುಟವನ್ನು ಒಂದು ಓಣಿಯಿಂದ ಇನ್ನೊಂದು ಓಣಿಗೆ ದಾಟಿಸಿಕೊಂಡು ಮತ್ತೆ ಜಗಳಕ್ಕೆ ನಿಂತರು.

ಈ ಜಗಳ ಮನೆಗಳ ಮೈಗೆ ಹತ್ತಿತ್ತು. ಹೇಗೆಂದರೆ, ಮನಿಪಟ್ಟಿ, ಅಂದರೆ ಮನೆಯ ತೆರಿಗೆ, ಸ್ಲ್ಯಾಬಿನ ಮನೆಗೆ ಹೆಚ್ಚು, ಮಣ್ಣಿನ ಮನೆಗೆ ಕಡಿಮೆ. ಮೇಲಿನ ಓಣಿಯವರು ಗೆದ್ದರೆ ರಜಿಸ್ಟರಿನಲ್ಲಿ ಅವರ ಮನೆಗಳೆಲ್ಲ ಮಣ್ಣಾಗುತ್ತಿದ್ದವು, ಕೆಳಗಿನ ಓಣಿಯವು ಸ್ಲ್ಯಾಬಾಗುತ್ತಿದ್ದವು. ಕೆಳಗಿನವರು ಗೆದ್ದರೆ ಇದರ ಉಲ್ಟಾ. ಐದು ವರ್ಷಕ್ಕೊಮ್ಮೆ ಒಂದು ಇಟ್ಟಂಗಿ ಅಲುಗದೆ ಅರ್ಧ ಊರು ಬಿದ್ದು ಅರ್ಧ ಊರು ಎದ್ದು ನಿಲ್ಲುತ್ತಿತ್ತು.

ಇದೆಲ್ಲ ಮಾವನಿಗೆ ಗೊತ್ತಿರಲಿಲ್ಲ. ಗೊತ್ತು ಮಾಡಿದ ತಪ್ಪು ನನ್ನದೇ. ಕರೆಂಟಿನ ಮೀಟರು ಬದಲಿಸಲು ಮನೆಯ ಉತಾರ, ಅಂದರೆ ಪಂಚಾಯತಿ ರಜಿಸ್ಟರಿನ ನಕಲು, ಬೇಕಾಗಿತ್ತು, ಹೋಗಿ ತಂದೆ. ಓದು ಬರುವ ಸೊಸೆ ಎಂಬ ಜಂಬದಿಂದ ಸಂಜೆ ಅದನ್ನು ಗಟ್ಟಿಯಾಗಿ ಓದಿದೆ: "ಗೋಡೆ ಮಣ್ಣಿನದು. ಛಾವಣಿ ತಗಡು."

ಮಾವ ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದರು. ಎತ್ತಿದ ಕಾಲು ಎತ್ತಿದಲ್ಲೇ ನಿಂತಿತು.

"ಏನಂದಿ? ನನ್ನ ಸ್ಲ್ಯಾಬಿಗೆ ತಗಡಂತ ಬರದಾರ?"

ಆಗ ಅತ್ತೆ ಇನ್ನೂ ಇದ್ದರು, ಒಳಗಿಂದ ಓಡಿ ಬಂದರು. "ಸಣ್ಣ ದನೀಲೆ ಮಾತಾಡ್ರಿ. ಬಾಪೂ ನಮಗ ಉಪಕಾರ ಮಾಡ್ಯಾನ. ಪಟ್ಟಿ ಕಮ್ಮಿ ಬರತೈತಿ."

"ಉಪಕಾರ? ಇಪ್ಪತ್ತ ಮಂದಿ ಬುಟ್ಟಿ ಹೊತ್ತ ಹಾಕಿದ ಸ್ಲ್ಯಾಬ್ ಇದು! ಮ್ಯಾಲೆ ನೀರ ನಿಲ್ಲಿಸಿ ಹಗಲು ರಾತ್ರಿ ಕಾದೀನಿ. ಇದ ತಗಡ ಆತಂದ್ರ ನಾ ಗವಂಡಿ ಹೆಂಗಾಗತೀನಿ?"

ಸಿಟ್ಟಿನಲ್ಲಿ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು. ಓಣಿಯಲ್ಲಿ ಲೈಟಿನ ಕಂಬ ನಾಲ್ಕು, ಉರಿಯುತ್ತಿದ್ದ ಬಲ್ಬು ಒಂದು. ಅದನ್ನು ನೋಡಿ ಒಳಗೆ ಬಂದು ಅಂದರು: "ಇಡೀ ಓಣಿ ಮಣ್ಣಿನ ಮನ್ಯಾಗ ಐತೆಂತ ಬರಸಿ, ಲೈಟ್ ಯಾಕ ಬರಂಗಿಲ್ಲ ಅಂತ ಬೈತೀವಿ. ಬಾಪ್ಯಾನ್ನ ಅಷ್ಟ ಏನ ಅನ್ನೂದು, ಪಟ್ಟಿ ಕಮ್ಮಿ ಬಂದಾಗ ನಾನೂ ಯಾಕಂತ ಕೇಳಲಿಲ್ಲಲಾ."

ಮರುದಿನ ಆರಕ್ಕೆ ಬಾಪೂಕಾಕಾ ಬಂದರು. ನಾನು ಚಹಾ ಇಟ್ಟು ಬಾಗಿಲ ಮರೆಯಲ್ಲಿ ನಿಂತೆ. ಕಸಬರಿಗೆ ಕೈಯಲ್ಲಿತ್ತು, ಗುಡಿಸಲಿಲ್ಲ.

"ಬಾಪ್ಯಾ, ನನ್ನ ಮನಿ ಖರೇ ಹೆಂಗೈತಿ ಹಂಗ ಬರಸ."

"ಹುಚ್ಚ ಹಿಡದೈತೇನಲೇ ಸಿದ್ಯಾ? ದೋಸ್ತ ಅಂತ ಬರಸೀನಿ."

"ದೋಸ್ತ ಅಂತನ ಹೇಳಾಕತ್ತೀನಿ. ಬದಲಿ ಮಾಡ."

"ನಿಂದೊಂದ ತಗದ್ರ ಉಳದ ಮಂದಿದು ಹೊರಗ ಬರತಾವಲೇ! ನಮ್ಮ ಪಾರ್ಟಿ ಮುಣಗತೈತಿ!"

"ಮುಣಗಲಿ. ನಿಮ್ಮ ಮಂದಿ ಈಸಿ ಆ ಕಡೆ ಪಾರ್ಟಿ ದಂಡಿಗೆ ಹತ್ತತೈತಿ, ನನಗ ಗೊತ್ತೈತಿ."

ಬಾಪೂಕಾಕಾ ಅರ್ಧ ಚಹಾ ಬಿಟ್ಟು ಎದ್ದರು. ಮಾವ ನನ್ನ ಕೈಯಲ್ಲಿ ಅರ್ಜಿ ಬರೆಸಿದರು. ನನ್ನ ಅಕ್ಷರ ದುಂಡಗಿದೆ ಎಂದು ಸಾಲೆಯಲ್ಲಿ ಹೊಗಳುತ್ತಿದ್ದರು. ಆ ದುಂಡು ಅಕ್ಷರದಲ್ಲಿ "ನಮ್ಮ ಮನೆಯ ತೆರಿಗೆ ಹೆಚ್ಚಿಸಬೇಕೆಂದು ವಿನಂತಿ" ಎಂದು ಬರೆಯುವಾಗ ಪೆನ್ನೇ ನಾಚಿತು. ಪಂಚಾಯತಿಯ ಪಿಡಿಓ ಸಾಹೇಬರು ಅದನ್ನು ಎರಡು ಸಲ ಓದಿ, ಹಿಂದೆ ತಿರುಗಿಸಿ ನೋಡಿ, ಮೆಲ್ಲಗೆ ಕೇಳಿದರಂತೆ: "ಅಜ್ಜಾರ, ಖರೇ ಹೇಳ್ರಿ, ನಿಮಗ ಬೇಕಾಗಿದ್ದು ಏನು?"

ಸುದ್ದಿ ಕೆಳಗಿನ ಓಣಿಗೆ ತಲುಪಲು ಒಂದು ದಿನವೂ ಬೇಕಾಗಲಿಲ್ಲ. ಸಂಜೆಯೇ ಐದು ಜನ ಶಾಲು, ತೆಂಗಿನಕಾಯಿ ತೆಗೆದುಕೊಂಡು ಬಂದರು. ಸಿದ್ರಾಮ ಗವಂಡಿ ಬಾಪೂನ ವಿರುದ್ಧ ಎದ್ದಿದ್ದಾನೆ, ಮುಂದಿನ ಚುನಾವಣೆಗೆ ನಮ್ಮ ಕಡೆಯಿಂದ ನಿಲ್ಲುತ್ತಾನೆ ಎಂದು ಅವರೇ ನಿಶ್ಚಯಿಸಿಬಿಟ್ಟಿದ್ದರು. ಮಾವ ಬೇಡ ಅನ್ನುವಷ್ಟರಲ್ಲಿ ಶಾಲು ಹೆಗಲಿಗೆ ಬಿದ್ದಿತ್ತು.

"ನಿಂದರತೀನ್ರೆಪಾ," ಅಂದರು ಮಾವ, "ಆದ್ರ ಮೊದಲ ನಾಳೆ ಮುಂಜಾನೆ ಟೇಪ ಹಿಡಕೊಂಡ ನಿಮ್ಮ ಐದೂ ಮನಿಗೆ ಬರತೀನಿ. ನಾನ ಕಟ್ಟೀನಲ್ಲ, ಅಳತಿ ಬಾಯಾಗ ಐತಿ. ಖರೇ ಬರಸೂನು, ಗೆದ್ದ ಮ್ಯಾಲೂ ಅದನ್ನ ಬದಲಿ ಮಾಡಂಗಿಲ್ಲ."

ಐದು ಜನರೂ ಐದು ಬೇರೆ ಬೇರೆ ಕೆಲಸ ನೆನಪಿಸಿಕೊಂಡು ಎದ್ದರು. ಕಾಯಿ ಮರೆತು ಹೋದರು. ಅದನ್ನು ನಾನು ಚಟ್ನಿ ಅರೆದೆ. ಆದರೆ ಆ ಶಾಲು ಹೊದ್ದು ಮಾವ ಕಟ್ಟೆಯ ಮೇಲೆ ಕೂತದ್ದನ್ನು ಓಣಿಯ ಆ ತುದಿಯಿಂದ ಬಾಪೂಕಾಕಾ ನೋಡಿದ್ದರು. ಗೆಳೆಯ ತನ್ನನ್ನು ಬಿಟ್ಟು ಆ ಕಡೆ ಹೋದ ಎಂದುಕೊಂಡರು. ಮರುದಿನ ಆರಕ್ಕೆ ಬರಲಿಲ್ಲ. ಅದರ ಮರುದಿನವೂ ಇಲ್ಲ.

ನಾನು ರೂಢಿಯಂತೆ ಎರಡೇ ಕಪ್ಪು ಮಾಡುತ್ತಿದ್ದೆ. ಮಾವ ತಮ್ಮದನ್ನು ಕುಡಿದು ಇನ್ನೊಂದರ ಮೇಲೆ ತಾಟು ಮುಚ್ಚಿಡುತ್ತಿದ್ದರು. ಅದು ಆರಿ ಕೆನೆ ಕಟ್ಟುತ್ತಿತ್ತು. ಒಂದು ಕಪ್ಪೇ ಮಾಡಲೇನ್ರಿ ಎಂದು ಕೇಳಿದರೆ "ಇರಲಿ ಬಿಡಬೇ" ಅನ್ನುತ್ತಿದ್ದರು. ಮನಿಪಟ್ಟಿ ನಾಲ್ಕು ಪಟ್ಟಾಯಿತು. ಅದಕ್ಕೆ ಅವರು ಒಂದು ದಿನವೂ ಗೊಣಗಲಿಲ್ಲ. ಆ ಮುಚ್ಚಿಟ್ಟ ಕಪ್ಪನ್ನು ನೋಡಿದಾಗಲೆಲ್ಲ, ಅರ್ಜಿ ಬರೆದ ಕೈ ನನ್ನದೇ ಎಂದು ನನಗೆ ಚುಚ್ಚುತ್ತಿತ್ತು. ಹೀಗೇ ಒಂದು ವರ್ಷದ ಮೇಲಾಯಿತು.

ಚುನಾವಣೆ ಬಂತು. ಮಾವ ಯಾರ ಕಡೆಯೂ ನಿಲ್ಲಲಿಲ್ಲ. ಬಾಪೂಕಾಕಾ ಸೋತರು, ಕೆಳಗಿನ ಓಣಿಯವರು ಗೆದ್ದರು. ತಿಂಗಳೊಳಗೆ ರಜಿಸ್ಟರಿನಲ್ಲಿ ಮನೆಗಳು ಏಳುವುದು ಬೀಳುವುದು ಶುರುವಾಯಿತು. ಬಾಪೂಕಾಕಾನ ಮೇಲೆ ಸಿಟ್ಟು ಎಷ್ಟಿತ್ತೆಂದರೆ, ಅವರ ಒಂದಂತಸ್ತಿನ ಮನೆಯ ಮೇಲೆ ಇಲ್ಲದ ಇನ್ನೊಂದು ಅಂತಸ್ತನ್ನು ಬರೆದು ಪಟ್ಟಿ ಹಾಕಿದರು. ತಕರಾರು ಮಾಡಲು ಅವರಿಗೆ ಬಾಯಿ ಇರಲಿಲ್ಲ. ಇಷ್ಟು ವರ್ಷ ನಿಮ್ಮದು ತಗಡು ಹೇಗಾಗಿತ್ತು ಎಂದು ಕೇಳಿದರೆ?

ಮಾವನಿಗೆ ಇದು ಕಟಿಂಗ್ ಅಂಗಡಿಯಲ್ಲಿ ಗೊತ್ತಾಯಿತು. ಅರ್ಧ ಗಡ್ಡ ಬೋಳಿಸಿಕೊಂಡವರು ಹಾಗೇ ಎದ್ದು ಪಂಚಾಯತಿಗೆ ನಡೆದರಂತೆ. ಅಲ್ಲಿ ಹೊಸ ಅಧ್ಯಕ್ಷರಿಗೂ ಪಿಡಿಓ ಸಾಹೇಬರಿಗೂ ಕೈಮುಗಿದು, "ಬಾಪೂನ ಮ್ಯಾಲಿನ ಅಂತಸ್ತಿನಾಗ ಚಾ ಇಟ್ಟೀನಿ, ನಾಕ ಗಂಟೆಕ್ಕ ಬರ್ರಿ" ಎಂದರಂತೆ. ಮನೆಗೆ ಬಂದು ನನಗೆ, "ಯವ್ವಾ, ದೊಡ್ಡ ಕಿಟ್ಲ್ಯಾಗ ಚಾ ಮಾಡ" ಎಂದರು. ಒಂದು ಕೆನ್ನೆ ನುಣ್ಣಗೆ, ಇನ್ನೊಂದರಲ್ಲಿ ಬಿಳಿ ಗಡ್ಡ.

ಬಾಪೂಕಾಕಾನ ಮನೆಗೆ ಹೊರಗಿನಿಂದ ಮೇಲೆ ಹತ್ತಲು ಪಾವಟಿಗೆ ಇತ್ತು, ಮುಂದೆ ಎಂದಾದರೂ ಮೇಲೆ ಕಟ್ಟಿದರೆ ಇರಲಿ ಎಂದು ಮಾವನೇ ಮಾಡಿಟ್ಟಿದ್ದು. ಮೇಲೆ ಗೋಡೆ, ಬಾಗಿಲು ಏನೂ ಇಲ್ಲ, ಬರೀ ಬಯಲು ಮಾಳಿಗೆ. ಕೆಂಪು ಮೆಣಸಿನಕಾಯಿ ಒಣಹಾಕಿದ್ದರು, ಬಿಸಿಲು ರಣರಣ ಹೊಡೆಯುತ್ತಿತ್ತು. ಮಾವ ನಾಲ್ಕು ಖುರ್ಚಿ ಹಾಕಿಸಿ ಪಾವಟಿಗೆಯ ತುದಿಯಲ್ಲಿ ನಿಂತರು. ಬಾಪೂಕಾಕಾ ಒಂದು ಮೂಲೆಯಲ್ಲಿ ಮುಖ ಆ ಕಡೆ ಮಾಡಿ ನಿಂತಿದ್ದರು. ಅರ್ಧ ಊರು ಕೆಳಗೆ ನೆರೆದಿತ್ತು.

ಅಧ್ಯಕ್ಷರು ಮೊದಲು ಹತ್ತಿದರು. ಕೊನೆಯ ಪಾವಟಿಗೆಗೆ ಬಂದಾಗ ಮಾವ ಬಹಳ ಗೌರವದಿಂದ ಹೇಳಿದರು: "ಸಂಭಾಳಿಸಿ ಬರ್ರಿ ಅಧ್ಯಕ್ಷರ, ಬಾಗಲಾ ಸಣ್ಣದೈತಿ, ತಲಿ ಬಡದೀತು."

ಅಧ್ಯಕ್ಷರು ತಲೆ ಬಗ್ಗಿಸಿದರು!

ದೇವರಾಣೆ ಬಗ್ಗಿಸಿದರು, ನಾನೇ ಕಣ್ಣಾರೆ ನೋಡಿದೆ. ಬರೀ ಆಕಾಶದ ಕೆಳಗೆ, ಇಲ್ಲದ ಬಾಗಿಲಿಗೆ ನಡು ಬಾಗಿಸಿ ಒಳಗೆ ಬಂದರು. ಕೆಳಗಿನ ಮಂದಿ ಹೋ ಎಂದಿತು. ಪಿಡಿಓ ಸಾಹೇಬರು ಪಾವಟಿಗೆಯ ಮೇಲೇ ಕೂತು ನಕ್ಕರು. ನಾನು ನಕ್ಕ ರಭಸಕ್ಕೆ ಕಿಟ್ಲಿಯ ಚಹಾ ಮೆಣಸಿನಕಾಯಿ ಮೇಲೆ ಚೆಲ್ಲಿತು. ಆಗ ಮೂಲೆಯಿಂದ, ವರ್ಷದ ಮೇಲೆ ಮೊದಲ ಸಲ, ಬಾಪೂಕಾಕಾನ ದನಿ ಬಂತು:

"ಏ ಸಿದ್ಯಾ, ಕಿಡಕಿ ತಗೀಲೇ, ಸೆಕಿ ಆಗಾಕತ್ತೈತಿ."

ಮಾವ ಹೋಗಿ ಗಾಳಿಯಲ್ಲಿ ಎರಡು ಕೈಯಿಂದ ಕಿಟಕಿ ತೆಗೆದರು. ತಿರುಗಿದಾಗ ಅವರ ಕಣ್ಣಲ್ಲಿ ನೀರಿತ್ತು. ನಗೆಯದೋ ಬೇರೆಯದೋ, ನಾನು ವಿಚಾರಿಸಲಿಲ್ಲ. ಬಾಪೂಕಾಕಾನ ಕಪ್ಪಿಗೆ ಮೂರು ಚಮಚ ಸಕ್ಕರೆ ಹಾಕುವುದರಲ್ಲಿದ್ದೆ.

ಪಿಡಿಓ ಸಾಹೇಬರು ಬರೆದಿದ್ದ ಮೇಲಂತಸ್ತಿಗೆ ಅಲ್ಲೇ ಗೀಟು ಹೊಡೆದರು. "ಹಂಗ ತೆಳಗಿಂದ ತಗಡಲ್ಲ, ಸ್ಲ್ಯಾಬ್ ಅಂತನ ಇರಲಿ ಸಾಹೇಬ್ರ," ಅಂದರು ಮಾವ.

"ಇಷ್ಟಾದ ಮ್ಯಾಲೂ ಬಿಡಂಗಿಲ್ಲೇನಲೇ?" ಬಾಪೂಕಾಕಾ ಹಲ್ಲು ಕಡಿದರು.

"ಬಿಡಂಗಿಲ್ಲ. ಇಲ್ಲದ್ದಕ್ಕ ಕೊಡಬ್ಯಾಡ, ಇದ್ದದ್ದಕ್ಕ ಕೊಡು." ಆಮೇಲೆ ಬಾಪೂಕಾಕಾನನ್ನು ನೋಡಿ ನಗುತ್ತಿದ್ದ ಅಧ್ಯಕ್ಷರ ಕಡೆ ತಿರುಗಿ, "ಅಧ್ಯಕ್ಷರ, ನಿಮ್ಮ ಸ್ಲ್ಯಾಬೂ ನಾನ ಹಾಕೀನ್ರಿ" ಅಂದರು. ಅಧ್ಯಕ್ಷರು ಗಡಬಡಿಸಿ ಚಹಾ ಗುಟುಕರಿಸಿ ನಾಲಗೆ ಸುಟ್ಟುಕೊಂಡರು.

ಊರು ಅಷ್ಟಕ್ಕೆ ತಿದ್ದಿಕೊಂಡಿತು ಎಂದು ನಾನು ಹೇಳಿದರೆ ನೀವು ನಂಬಬೇಡಿ. ಕೆಲವರು ತಾವಾಗಿ ಹೋಗಿ ಬರೆಸಿದರು, ಕೆಲವರು ಮಾವ ಎದುರಿಗೆ ಬಂದರೆ ಓಣಿ ಬದಲಿಸಿದರು. ನಮ್ಮ ಓಣಿಯಲ್ಲಿ ಇನ್ನೆರಡು ಬಲ್ಬು ಹತ್ತಿದವು. ನಾಲ್ಕನೆಯದು ಈಗಲೂ ಇಲ್ಲ.

ಇವತ್ತಿನ ಹೆಣ್ಣುಮಗಳು ಚಹಾ ಕುಡಿದು, ಅಳತೆಯ ಚೀಟಿ ಕೊಟ್ಟು ಹೋದಳು. ಮಾವನವರು ಮನೆಯಲ್ಲಿರಲಿಲ್ಲ; ಈಗ ಬಾಪೂಕಾಕಾನಿಗೆ ಮಂಡಿನೋವು, ನಡೆಯಲಾಗುವುದಿಲ್ಲ, ಹಾಗಾಗಿ ಎಂಬತ್ತರ ಮಾವನೇ ಅವರ ಕಟ್ಟೆಗೆ ಹೋಗುತ್ತಾರೆ. ನಾನು ಶೇಂಗಾದ ಸಿಪ್ಪೆ ಉಜ್ಜುತ್ತ ಚೀಟಿ ಓದಿದೆ. ಹೋದ ವರ್ಷ ಹಿಂದುಗಡೆ ಕಟ್ಟಿದ ಅಡಿಗೆ ಖೋಲಿ ಅದರಲ್ಲಿ ಇರಲಿಲ್ಲ. ಅವಳು ಅದರೊಳಗೇ ಕೂತು ಚಹಾ ಕುಡಿದಿದ್ದಳು.

ಮನೆಯಲ್ಲಿ ಯಾರೂ ಇಲ್ಲ, ನೋಡಿದವರಿಲ್ಲ, ಸುಮ್ಮನಿದ್ದುಬಿಟ್ಟರೆ ಮನೆಯವರಿಗಂತೂ ಖುಷಿಯೇ ಆದೀತು. ಇನ್ನೊಂದು ಬೊಗಸೆ ಶೇಂಗಾ ಉಜ್ಜಿದೆ. ಮತ್ತೊಂದು ಬೊಗಸೆ ಉಜ್ಜಲಾಗಲಿಲ್ಲ. ಚೀಟಿ ಹಿಡಿದುಕೊಂಡು, ಸೆರಗು ಸಿಕ್ಕಿಸಿ, ಓಣಿಯುದ್ದಕ್ಕೂ ಓಡಿದೆ. ನನ್ನ ಮೈಗೆ ಓಟ ಒಗ್ಗುವುದಿಲ್ಲ, ನಿಮಗೇ ಗೊತ್ತಾದೀತು, ನೋಡಿದ್ದರೆ.

"ಏನಾತ ಬೇ? ಕಳವ ಆತೇನ?" ನೆರೆಮನೆಯ ಕಾಶವ್ವ ಕಿರುಚಿದಳು.

"ಇಲ್ಲಬೇ, ಪಟ್ಟಿ ಕಮ್ಮಿ ಬಂದೈತಿ!"

ಆ ಹೆಣ್ಣುಮಗಳು ನಾಲ್ಕನೇ ಮನೆಯಲ್ಲಿದ್ದಳು. "ಇರಲಿ ಬಿಡ್ರಿ ಅಕ್ಕಾರ, ಛಲೋ ಚಾ ಕುಡಸೀರಿ" ಎಂದು ಕಣ್ಣು ಮಿಟುಕಿಸಿದಳು.

"ಚಾ ಪುಕಟ ಐತ್ರಿ ಮೇಡಮ್ಮಾರ, ನಾಳೆನೂ ಬರ್ರಿ. ಖೋಲಿ ಬರಕೋರಿ." ಹೇಳಿದ ಮೇಲೆ ನನಗೇ ನಗು ಬಂತು. ಮಾವನ ದನಿ ನನ್ನ ಬಾಯಲ್ಲಿ ಯಾವಾಗ ಬಂದು ಕೂತಿತೋ! ಇಬ್ಬರೂ ನಗುತ್ತ ತಿರುಗಿ ಬಂದು ಖೋಲಿ ಅಳೆದೆವು. ಯಂತ್ರ ನನ್ನ ಕೈಗೇ ಕೊಟ್ಟಳು. ಕೆಂಪು ಚುಕ್ಕೆ ಒಂದು ಸಲ ಗೋಡೆಗೆ ಬದಲು ಎಮ್ಮೆಗೆ ಬಿತ್ತು, ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ರಾತ್ರಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ವಿಷಯ ಕೇಳಿ ಮಾವ ಎರಡನೇ ರೊಟ್ಟಿ ಹಾಕಿಸಿಕೊಂಡು ಕೇಳಿದರು, "ಗ್ವಾಡಿ ದಪ್ಪಾ ಹಿಡದ ಅಳದಾಳೋ, ಒಳಗಿಂದೊಳಗೋ?" ನಾನು, "ಸಾಕ ಮಾಡ್ರಿ ಮಾವಾರ" ಅಂದೆ. ಮನೆಯವರು, "ಇಬ್ಬರ ಹುಚ್ಚರ ನಡುವ ನಾ ಒಬ್ಬಾಂವ ಸಿಕ್ಕೀನಿ" ಎಂದು ಗೊಣಗಿ, ಮೊಸರು ಬಳಿದು ತಿಂದು, ಎಲ್ಲರಿಗಿಂತ ಮೊದಲು ಮಲಗಿದರು. ಆಮೇಲೆ ಮಾವ. ನಾನು ಕಡೆಗೆ, ಅಧ್ಯಕ್ಷರ ಬಗ್ಗಿದ ತಲೆ ಕಣ್ಮುಂದೆ ಬಂದು ಬಂದು, ನಗು ಕೇಳಿಸದಂತೆ ಹೊದಿಕೆಯ ತುದಿ ಬಾಯಿಗೆ ಒತ್ತಿಕೊಂಡು.