ಒಂದು ಕಿವಿಯ ಬೆಂಡೋಲೆ

ಅಮ್ಮನ ಮುಖ ನನಗೆ ಮರೆತಿಲ್ಲ. ಮರೆಯೋಣವೆಂದರೂ ಟಿ.ವಿ.ಯ ಮೇಲುಗಡೆ ಅಷ್ಟು ದೊಡ್ಡ ಫೋಟೊ ಇದೆ. ಮರೆತುಹೋದದ್ದು ಅವಳ ಸ್ವರ. ಅವಳು ಆಡುತ್ತಿದ್ದ ಮಾತುಗಳೆಲ್ಲ ಬೈಗುಳ ಸಹಿತ ಬಾಯಿಪಾಠ ಇವೆ, ಆದರೆ ನೆನಪು ಮಾಡಿಕೊಂಡಾಗ ಅವೆಲ್ಲ ನನ್ನದೇ ಸ್ವರದಲ್ಲಿ ಕೇಳಿಸುತ್ತವೆ. ಎಂಥ ಮಗಳು ನಾನು! ನನ್ನ ಮದುವೆಯ ಕ್ಯಾಸೆಟ್ ಹುಡುಕಿ ತೆಗೆದು, ಪುತ್ತೂರಿನ ಸ್ಟುಡಿಯೊದಲ್ಲಿ ಕೊಟ್ಟು, ಪೆನ್‌ಡ್ರೈವಿಗೆ ಹಾಕಿಸಿ ನೋಡಿದೆ. ಧಾರೆಯ ಹೊತ್ತಿಗೆ ಅಮ್ಮ ಕ್ಯಾಮೆರಾದ ಎದುರೇ ನಿಂತು ಯಾರಿಗೋ ಏನೋ ಹೇಳುತ್ತಿದ್ದಾಳೆ. ತುಟಿ ಅಲ್ಲಾಡುತ್ತದೆ, ಕೈ ಆಡುತ್ತದೆ, ಕೇಳುವುದು ಮಾತ್ರ ಸಿನಿಮಾ ಹಾಡು. ವಿಡಿಯೊದವನು ಉದ್ದಕ್ಕೂ ಹಾಡು ತುಂಬಿಸಿಬಿಟ್ಟಿದ್ದಾನೆ. ಆ ಪುಣ್ಯಾತ್ಮ ಈಗ ಕೈಗೆ ಸಿಕ್ಕಿದರೆ ಎರಡು ಬಿಗಿಯುತ್ತೇನೆ.

ಅದೇ ವಿಡಿಯೊದಲ್ಲಿ ಅಮ್ಮನ ಕಿವಿಗಳೂ ಚೆನ್ನಾಗಿ ಕಾಣುತ್ತವೆ. ಎಡಕಿವಿಯಲ್ಲಿ ಕೆಂಪುಕಲ್ಲಿನ ಬೆಂಡೋಲೆ, ಬಲಕಿವಿಯಲ್ಲಿ ಕಲ್ಲಿಲ್ಲದ ಸಣ್ಣ ಚಿನ್ನದ ಟಿಕ್ಕಿ. ಮಗಳ ಮದುವೆಗೂ ಅವಳು ಜೋಡಿ ಹಾಕಿಕೊಳ್ಳಲಿಲ್ಲ. ಆ ಬೆಂಡೋಲೆಯ ಜೊತೆಯದ್ದು ತಮಿಳುನಾಡಿನ ಸಮುದ್ರದ ದಡದಲ್ಲಿರುವ ವೇಳಾಂಕಣಿಯಲ್ಲಿ, ಮೇರಿಯಮ್ಮನ ಹತ್ತಿರ ಇತ್ತು. ಅದು ಅಲ್ಲಿಗೆ ಹೋದದ್ದು ನನ್ನ ದೆಸೆಯಿಂದ.

ಒಂದನೇ ಕ್ಲಾಸಿನಲ್ಲಿದ್ದಾಗ ನನಗೆ ಜೋರು ಜ್ವರ ಬಂತು. ಜ್ವರ ಇಳಿದ ಮೇಲೆ ಮಾತು ನಿಂತುಹೋಯಿತು. ಕಿವಿ ಕೇಳಿಸುತ್ತಿತ್ತು, ಉಣ್ಣುತ್ತಿದ್ದೆ, ಓಡುತ್ತಿದ್ದೆ, ಬಾಯಿಂದ ಮಾತ್ರ ಒಂದು ಶಬ್ದವೂ ಹೊರಡುತ್ತಿರಲಿಲ್ಲ. ಡಾಕ್ಟರು ಗಂಟಲಿಗೆ ಟಾರ್ಚು ಹಾಕಿ ನೋಡಿ, "ಎಂತ ತೊಂದರೆಯೂ ಇಲ್ಲ" ಎಂದರು. ಸುಬ್ರಹ್ಮಣ್ಯಕ್ಕೆ ಹರಕೆ ಹೇಳಿಯಾಯಿತು, ಊರಿನ ದೈವಕ್ಕೂ ಆಯಿತು. ಆಗ ಬೆಟ್ಟಂಪಾಡಿಯಲ್ಲಿ ಅಪ್ಪನ ಜೀನಸಿನ ಅಂಗಡಿ, ಅದರ ಪಕ್ಕದಲ್ಲೇ ಬಾಯಮ್ಮನ ಹೊಲಿಗೆ ಅಂಗಡಿ. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎಂದೇ ಕರೆಯುವುದು. ಅವರು ವರ್ಷಕ್ಕೊಮ್ಮೆ ವೇಳಾಂಕಣಿಗೆ ಹೋಗುವವರು. ಹೊರಡುವ ಮುಂಚೆ ಅಮ್ಮನ ಹತ್ತಿರ, "ನಮ್ಮ ಮಾಯಿಗೂ ಒಂದು ಮಾತು ಹೇಳಿ ನೋಡಿ ಅಕ್ಕ, ಅವಳು ಕೇಳ್ತಾಳೆ" ಎಂದರಂತೆ. ಮೇರಿಯಮ್ಮನನ್ನು ಅವರು ಮಾಯಿ ಎನ್ನುತ್ತಿದ್ದರು.

ಅಮ್ಮ ನಿಂತಲ್ಲೇ ಬಲಕಿವಿಯ ಬೆಂಡೋಲೆ ಬಿಚ್ಚಿ ಅವರ ಕೈಯಲ್ಲಿಟ್ಟಳು.

"ಒಂದಾ? ಕೊಡುದಾದ್ರೆ ಜೋಡಿ ಕೊಡಿ ಅಕ್ಕ," ಎಂದರು ಬಾಯಮ್ಮ.

"ಜೋಡಿ ಕೊಟ್ರೆ ಅವಳು ತೆಗೆದಿಟ್ಟು ಮರೆತುಬಿಡ್ತಾಳೆ. ಒಂದೇ ಇದ್ರೆ ಇನ್ನೊಂದು ಎಲ್ಲಿ ಅಂತ ಹುಡುಕ್ತಾಳೆ. ಮಾತು ಬರ್ಲಿ, ಮಗಳನ್ನೇ ಕರ್ಕೊಂಡು ಬಂದು ಇನ್ನೊಂದನ್ನು ಕೊಡ್ತೇನೆ. ಮಾತು ಬಂತು ಅಂತ ಅವಳ ಬಾಯಿಂದಲೇ ಹೇಳಿಸ್ತೇನೆ. ಹಾಗೇ ಹೇಳಿ ನಿಮ್ಮ ಮಾಯಿಗೆ."

ಅಂಗಡಿಯವನ ಹೆಂಡತಿ, ದೇವರ ಹತ್ತಿರವೂ ಅವಳದ್ದು ವ್ಯಾಪಾರದ ಮಾತೇ. ಕಿವಿಯ ತೂತು ಮುಚ್ಚಬಾರದೆಂದು ಅಂಗಳ ಗುಡಿಸುವ ಹಿಡಿಸೂಡಿಯಿಂದ ಒಂದು ಕಡ್ಡಿ ಮುರಿದು ಸಿಕ್ಕಿಸಿಕೊಂಡಳು. ಅಜ್ಜಿಗೆ ಮೈಯೆಲ್ಲ ಉರಿ. "ಒಂದು ಕಿವಿಗೆ ಬಂಗಾರ, ಒಂದಕ್ಕೆ ಹಿಡಿಸೂಡಿ! ನೋಡಿದವರು ಎಂತ ಹೇಳುದು?" ಎಂದು ಸೊಸೆಯನ್ನು ಬೈದರು. "ಮೇರಿಯಮ್ಮನಿಗೆ ಗುರ್ತ ಸಿಕ್ಬೇಕಲ್ಲ ಅತ್ತೆ," ಎಂದಳಂತೆ ಅಮ್ಮ.

ಬಾಯಮ್ಮ ವೇಳಾಂಕಣಿಯಿಂದ ವಾಪಸ್ ಬರುವಾಗ ನನಗೊಂದು, ನನ್ನದೇ ಪ್ರಾಯದ ಅವರ ಮಗಳಿಗೊಂದು ಕಪ್ಪೆಚಿಪ್ಪಿನ ಸರ ತಂದಿದ್ದರು. ಅವಳದ್ದು ದೊಡ್ಡದು, ನನ್ನದು ಸಣ್ಣದು. ಅದನ್ನು ನೋಡಿದ್ದೇ ನಾನು ಅಂಗಡಿ ಹಾರಿಹೋಗುವ ಹಾಗೆ ಕಿರುಚಿದೆ: "ದೊಡ್ಡದು ನನಗೆ!" ಅಪ್ಪ ತಕ್ಕಡಿ ಬಿಟ್ಟು ಓಡಿಬಂದರು. ಅಮ್ಮ ನನ್ನನ್ನು ಅಪ್ಪಿಹಿಡಿದು, ಅತ್ತು, ನಕ್ಕು, "ಬಾಯಿ ಬಿಟ್ಟ ಕೂಡ್ಲೇ ಜಗಳವಾ ಮಾರಾಯ್ತಿ!" ಎಂದಳು. ಆ ಸರ ನನಗೇ ಸಿಕ್ಕಿತು. ಅದರ ಕಂದು ಗೆರೆಗಳು, ಅದರ ಉಪ್ಪಿನ ವಾಸನೆ ಇವತ್ತಿಗೂ ನೆನಪಿದೆ. ಅಮ್ಮ ಆ ಮಾತನ್ನು ಯಾವ ಸ್ವರದಲ್ಲಿ ಹೇಳಿದಳು ಎಂಬುದೊಂದು ಬಿಟ್ಟು.

ಅಪ್ಪ ಅಮ್ಮನ ಬಲಕಿವಿಗೆ ಆ ಟಿಕ್ಕಿ ಮಾಡಿಸಿಕೊಟ್ಟರು. ಬೆಂಡೋಲೆಗೆ ಜೊತೆ ಮಾಡಿಸುತ್ತೇನೆಂದರೆ ಅಮ್ಮ ಕೇಳಲಿಲ್ಲ. ವೇಳಾಂಕಣಿಗೆ ಹೋಗುವುದು ಮಾತ್ರ ಆಗಲೇ ಇಲ್ಲ. ಒಂದು ವರ್ಷ ಅಜ್ಜಿಗೆ ಹುಷಾರಿಲ್ಲ, ಒಂದು ವರ್ಷ ಸೂತಕ, ಮತ್ತೊಂದು ವರ್ಷ ಅಂಗಡಿ ನೋಡಿಕೊಳ್ಳಲು ಜನ ಇಲ್ಲ. ಪ್ರತಿ ಸಲ ಬಾಯಮ್ಮ ಹೊರಡುವಾಗ ಅಮ್ಮ ಎಡಕಿವಿ ಮುಟ್ಟಿಕೊಂಡು, "ಬರುವ ವರ್ಷ ಅಂತ ಹೇಳಿ" ಎಂದು ಹೇಳಿಕಳಿಸುತ್ತಿದ್ದಳು. ಹಾಗೆ ಹೇಳುತ್ತ ಹೇಳುತ್ತ ಬಾಯಮ್ಮನೂ ಹೋದರು, ಅಮ್ಮನೂ ಹೋದಳು.

ಅವಳು ತೀರಿಕೊಂಡ ದಿನ ಆ ಬೆಂಡೋಲೆ ಬಿಚ್ಚಿದ್ದು ನಾನೇ. ತಿರುಪು ಗಟ್ಟಿಯಾಗಿತ್ತು, ತೆಂಗಿನೆಣ್ಣೆ ಬಿಟ್ಟು ತಿರುಗಿಸಬೇಕಾಯಿತು. ಕಲ್ಲುಗುಂಡಿಯಲ್ಲಿರುವ ನಮ್ಮ ಮನೆಗೆ ತಂದು ಕುಂಕುಮದ ಡಬ್ಬಿಯಲ್ಲಿಟ್ಟೆ. ಹರಕೆ ಬಾಕಿ ಇಡಬಾರದೆಂದು ಗೊತ್ತಿದ್ದರೂ ಅದನ್ನು ಕೊಡಲು ನನಗೆ ಮನಸ್ಸಿರಲಿಲ್ಲ. ಅವಳ ಸೀರೆಗಳೂ ಆ ಟಿಕ್ಕಿಯೂ ಹಂಚಿಹೋಗಿದ್ದವು, ಅಂಗಡಿ ಬೇರೆಯವರದ್ದಾಗಿತ್ತು. ಅವಳ ಮೈಗೆ ತಾಗಿಕೊಂಡೇ ಇದ್ದ ವಸ್ತು ಎಂದು ಉಳಿದದ್ದು ಇದೊಂದು. ಆಗಾಗ ತೆಗೆದು ಮೂಸುತ್ತೇನೆ. ಏನೂ ವಾಸನೆಯಿಲ್ಲ, ಆದರೂ ಮೂಸುತ್ತೇನೆ.

ಹೋದ ವರ್ಷ ನನ್ನ ಗೆಳತಿ, ಬಾಯಮ್ಮನ ಮಗಳು, ಫೋನು ಮಾಡಿದಳು. ಅವಳೀಗ ಪುತ್ತೂರು ಪೇಟೆಯಲ್ಲಿದ್ದಾಳೆ, ತಾಯಿಯ ಹಾಗೆಯೇ ವರ್ಷಕ್ಕೊಮ್ಮೆ ಹೋಗುತ್ತಾಳೆ. "ಈ ಸಲ ನಾನೊಬ್ಬಳೇ ಮಾರಾಯ್ತಿ, ನೀನೂ ಬಾ. ಅಲ್ಲಿ ಒಂದು ಮ್ಯೂಸಿಯಂ ಉಂಟು. ಜನ ಹರಕೆಗೆ ಕೊಟ್ಟದ್ದನ್ನೆಲ್ಲ ಗಾಜಿನೊಳಗೆ ಇಟ್ಟಿದ್ದಾರೆ. ನಿನ್ನ ಅಮ್ಮನದ್ದೂ ಇರಬಹುದು, ಯಾರಿಗೆ ಗೊತ್ತು!"

ಅಷ್ಟು ಸಾಕಾಯಿತು ನನಗೆ. ಡಬ್ಬಿಯನ್ನು ರವಿಕೆಯೊಳಗೆ ಇಟ್ಟುಕೊಂಡು ಹೊರಟೆ. ಕೊಡಬೇಕೆಂದು ಹೊರಟವಳಲ್ಲ, ಸುಳ್ಳು ಯಾಕೆ. ಗಾಜಿನ ಈಚೆಯಿಂದಾದರೂ ಎರಡನ್ನೂ ಒಮ್ಮೆ ಜೋಡಿಯಾಗಿ ನೋಡಬೇಕು, ಅಷ್ಟೇ ಇದ್ದದ್ದು ಮನಸ್ಸಿನಲ್ಲಿ.

ರೈಲಿನಲ್ಲಿ ಸೊಂಟ ಮುರಿದುಹೋಯಿತು. ಊರು ನೋಡಿದ ಮೇಲೆ ಮಾತ್ರ ದಣಿವು ಮರೆತೆ. ಮೇರಿಯಮ್ಮನ ಬೆಳ್ಳನೆಯ ಎತ್ತರದ ಇಗರ್ಜಿ, ಅದರ ಎದುರಿನ ಬೀದಿ ನೇರ ಸಮುದ್ರಕ್ಕೆ. ತಲೆ ಬೋಳಿಸಿಕೊಂಡ ಮಕ್ಕಳು, ತೆಂಗಿನಕಾಯಿ ಹಿಡಿದ ಹೆಂಗಸರು, ಕುಂಕುಮ ಇಟ್ಟವರು, ಶಿಲುಬೆ ಹಾಕಿದವರು. ಮರಳಿನ ದಾರಿಯಲ್ಲಿ ಮೊಣಕಾಲೂರಿ ಹೋಗುವವರನ್ನು ನೋಡಿ ನನ್ನ ಮಂಡಿ ತನ್ನಿಂದ ತಾನೇ ನೋಯತೊಡಗಿತು. ಬೀದಿಯ ಎರಡೂ ಬದಿಗೆ ಅಂಗಡಿ, ಅಂಗಡಿ ತುಂಬ ಕಪ್ಪೆಚಿಪ್ಪಿನ ಸರ. ಗೆಳತಿ ಒಂದನ್ನು ಎತ್ತಿ ನನ್ನ ಮೂಗಿನ ಹತ್ತಿರ ಆಡಿಸಿ, "ದೊಡ್ಡದು ಬೇಕಾ? ಈಗಲೇ ಹೇಳು, ಆಮೇಲೆ ಕಿರುಚುದು ಬೇಡ" ಎಂದಳು. ಇಬ್ಬರೂ ನಡುಬೀದಿಯಲ್ಲಿ ನಿಂತು ನಕ್ಕೆವು.

ಮ್ಯೂಸಿಯಮ್ಮಿಗೆ ಕಾಲಿಟ್ಟ ಮೇಲೆ ನನಗೆ ನಗು ಬರಲಿಲ್ಲ. ಅಬ್ಬಬ್ಬ, ಜನರಿಗೆ ಎಷ್ಟೆಲ್ಲ ಬೇಕಾಗಿತ್ತು! ಬೆಳ್ಳಿಯ ಕಣ್ಣು, ಬೆಳ್ಳಿಯ ಕೈಕಾಲು, ತೊಟ್ಟಿಲು, ದೋಣಿ, ಅಂಗೈಯಷ್ಟು ಮನೆ. ಪುಟ್ಟ ಹೃದಯಗಳು ಸಾಲಾಗಿ, ನಮ್ಮ ಅಂಗಡಿಯ ಭರಣಿಯಲ್ಲಿದ್ದ ಪೆಪ್ಪರ್‌ಮಿಂಟಿನ ಹಾಗೆ. ಒಂದೊಂದರ ಹಿಂದೆಯೂ ಯಾರೋ ಒಬ್ಬಳು ಅತ್ತಿರಬೇಕು. ನೋಡುತ್ತ ಹೋದವರು "ಎಷ್ಟು ಚೆಂದ" ಎನ್ನುತ್ತ ಫ್ಯಾನಿನ ಗಾಳಿಗೆ ನಿಲ್ಲುತ್ತಿದ್ದರು. ನಾನು ಗಾಜಿಗೆ ಹಣೆ ತಾಗಿಸಿ ಒಂದೊಂದೇ ಕಪಾಟು ಹುಡುಕಿದೆ. ಒಂದು ಕಡೆ ಕೆಂಪಗೆ ಏನೋ ಮಿಂಚಿತು. ಡಬ್ಬಿ ತೆಗೆದು ಅಮ್ಮನದ್ದನ್ನು ಗಾಜಿಗೆ ಹಿಡಿದು ನೋಡಿದರೆ, ಅದು ಬೇರೆ ಯಾರದ್ದೋ ಮೂಗುತಿ.

ಗೆಳತಿ ತನಗೆ ಬರುವ ಅರ್ಧಂಬರ್ಧ ತಮಿಳಿನಲ್ಲಿ ಬಾಗಿಲ ಬಳಿ ಕೂತಿದ್ದ ಹೆಂಗಸಿನ ಹತ್ತಿರ ಕೇಳಿದಳು. ಅವಳು ಬೆಂಡೋಲೆ ನೋಡಿ, ನನ್ನ ಮುಖ ನೋಡಿ, ನಿಧಾನವಾಗಿ ಏನೋ ಹೇಳಿದಳು. "ಇಲ್ಲಿ ಇಟ್ಟದ್ದು ಸ್ವಲ್ಪ ಮಾತ್ರವಂತೆ. ಸಣ್ಣಪುಟ್ಟ ಒಡವೆ ಎಲ್ಲ ಕಾಣಿಕೆ ಡಬ್ಬಿಗೆ ಬೀಳುದಂತೆ. ಅಷ್ಟು ಹಳೆಯದ್ದು ಈಗ ಎಲ್ಲಿ ಅಂತ ಹೇಳುದು ಅಂತಾಳೆ," ಎಂದಳು ಗೆಳತಿ.

ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಕೇಳಬೇಡಿ. ಅಮ್ಮನ ಮೇಲೆಯೇ ಇರಬೇಕು. ಒಂದೇ ಕೊಟ್ಟರೆ ಹುಡುಕುತ್ತಾಳೆ ಎಂದಳಲ್ಲ! ಇಲ್ಲಿ ಯಾರು ಹುಡುಕಿದ್ದು? ಹುಡುಕಿಕೊಂಡು ಬಂದದ್ದು ನಾನು. ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ. ಗೆಳತಿ ಪಕ್ಕದಲ್ಲಿ ಕೂತು ನೀರಿನ ಬಾಟ್ಲಿ ಮುಚ್ಚಳ ತೆಗೆದುಕೊಟ್ಟಳು. ಆಮೇಲೆ, "ವಾಪಸ್ ತಕೊಂಡು ಹೋಗುದಾದ್ರೆ ಹೋಗು. ನಾನು ಎಂತ ಹೇಳುದಿಲ್ಲ. ಆದ್ರೆ ನಿನ್ನ ಬಾಯಿಂದ ಹೇಳಿಸ್ತೇನೆ ಅಂತ ಅಮ್ಮ ಹೇಳಿದ್ದು ಉಂಟಲ್ಲ, ಅದನ್ನಾದ್ರೂ ಹೇಳಿ ಬಾ" ಎಂದಳು.

ಸಾಲಿನಲ್ಲಿ ನಿಂತೆವು. ಮೇರಿಯಮ್ಮನಿಗೆ ಆ ದಿನ ಹಳದಿ ಸೀರೆ ಉಡಿಸಿದ್ದರು. ನನ್ನ ಸರದಿ ಬಂದಾಗ ಬಾಯಿ ತೆರೆದರೆ ಶಬ್ದ ಹೊರಡಲಿಲ್ಲ, ಒಂದನೇ ಕ್ಲಾಸಿನ ಹಾಗೆಯೇ. ಹಿಂದಿನಿಂದ ಜನ ನೂಕುತ್ತಿದ್ದರು. ಹೇಗೋ ಹೇಳಿದೆ: "ಬೆಟ್ಟಂಪಾಡಿ ಅಂಗಡಿಯವರ ಮಗಳು ನಾನು. ಮಾತು ಬಂದಿದೆ. ಅಮ್ಮನಿಗೆ ಬರ್ಲಿಕ್ಕೆ ಆಗ್ಲಿಲ್ಲ." ಅಷ್ಟು ಹೇಳುವಾಗ ಬೆಂಡೋಲೆ ಮುಷ್ಟಿಯೊಳಗೆ ಬಿಸಿಯಾಗಿತ್ತು. ಇದು ನನ್ನದಲ್ಲ ಎಂದು ಆಗ ಗಟ್ಟಿಯಾಯಿತು. ಅಮ್ಮ ಜೀವಮಾನವಿಡೀ ಕಿವಿಯಲ್ಲಿ ಇಟ್ಟುಕೊಂಡು ಕಾದದ್ದು ಇಲ್ಲಿ ಕೊಡಲಿಕ್ಕೆ. ಕಾಣಿಕೆ ಡಬ್ಬಿಯ ಬಾಯಿಗೆ ಹಾಕಿಬಿಟ್ಟೆ. ಠಣ್ಣೆಂದಿತು.

ಖಾಲಿಯಾದದ್ದೇ ತಡ, ಕೈ ತನ್ನಷ್ಟಕ್ಕೆ ಕಿವಿಗೆ ಹೋಯಿತು. ಯೋಚನೆ ಮಾಡಿ ಮಾಡಿದ್ದಲ್ಲ. ನನ್ನ ಬಲಕಿವಿಯ ಓಲೆ ತಿರುಪಿ ಬಿಚ್ಚಿ ಅದನ್ನೂ ಹಾಕಿದೆ.

"ಎಂತ ಮಾಡಿದ್ದು ನೀನು? ಈಗ ನಿನ್ನದೆಂತ ಹರಕೆ?" ಗೆಳತಿ ನನ್ನನ್ನು ಎಳೆದುಕೊಂಡೇ ಹೊರಗೆ ಬಂದಳು.

ಅವಳಿಗೂ ಹೇಳಲಿಲ್ಲ. ಅಮ್ಮ ಮೇರಿಯಮ್ಮನ ಹತ್ತಿರ ನನ್ನ ಸ್ವರ ಕೇಳಿಕೊಂಡಳು, ಸಿಕ್ಕಿತು. ನಾನು ಅಮ್ಮನದ್ದು ಕೇಳಿಕೊಂಡೆ. ಒಂದೇ ಸಲ ಸಾಕು. ನಿದ್ದೆಯಲ್ಲಾದರೂ ಆಗಬಹುದು, ಬೈದರೂ ಅಡ್ಡಿಯಿಲ್ಲ. ಕೇಳಿಸಿದ ಮರುದಿನವೇ ಇನ್ನೊಂದು ಓಲೆ ಕೊಡಲು ರೈಲು ಹತ್ತುತ್ತೇನೆ.

ಮನೆಗೆ ಬಂದಾಗ ನಮ್ಮವರು ಬಾಗಿಲಲ್ಲೇ ಕೇಳಿದರು, "ಒಂದು ಕಿವಿಯದ್ದು ಎಲ್ಲಿ? ರೈಲಿನಲ್ಲಿ ಬಿತ್ತಾ? ನಾಳೆ ಸುಳ್ಯಕ್ಕೆ ಹೋಗಿ ಜೊತೆ ಮಾಡಿಸುವ."

"ಬೇಡ," ಎಂದೆ. ಹಿತ್ತಲಿಗೆ ಹೋಗಿ ಹಿಡಿಸೂಡಿಯಿಂದ ಒಂದು ಕಡ್ಡಿ ಮುರಿದು, ತೊಳೆದು, ಬಲಕಿವಿಗೆ ಸಿಕ್ಕಿಸಿಕೊಂಡೆ. ನೆಂಟರು ಬಂದಾಗ ಮುಸಿಮುಸಿ ನಗುತ್ತಾರೆ, ನಗಲಿ. ಅಮ್ಮನ ಸ್ವರ ಇನ್ನೂ ಕೇಳಿಸಿಲ್ಲ. ಮಲಗುವಾಗ ಕಡ್ಡಿ ಚುಚ್ಚುತ್ತದೆಂದು ಎಡಮಗ್ಗುಲಿಗೆ ತಿರುಗಿ ಮಲಗುತ್ತೇನೆ, ಬಲಕಿವಿ ಮೇಲೆ ಮಾಡಿ.