ಟರ್ಕಿ ಕೋಳಿಗೆ ಕೈಮುಗಿದದ್ದು

ಮೊನ್ನೆ ನಮ್ಮ ಅಂಗಡಿಯ ತಗಡಿನ ಕೌಂಟರಿನ ಮೇಲೆ ಯಾವನೋ ಗಿರಾಕಿಯ ಮೊಬೈಲು ರಿಂಗಿಲ್ಲದೆ ನಡುಗಿತು. ಆ ಸದ್ದು ಕಿವಿಗೆ ಬರುವ ಮೊದಲೇ ಮೊಣಕೈಗೆ ಬಂತು, ಅಲ್ಲಿಂದ ಎದೆಗೆ. ಆಯಿಲ್ ಫಿಲ್ಟರ್ ಹಿಡಿದುಕೊಂಡು ನಾನು ಹಾಗೇ ನಿಂತುಬಿಟ್ಟೆ. “ಕ್ಯಾ ಹುವಾ ಭಾಯ್?” ಎಂದ ಗಿರಾಕಿ. ಒಂದು ಟರ್ಕಿ ಕೋಳಿಯ ನೆನಪಾಯಿತು ಎಂದು ಅವನಿಗೆ ಹೇಗೆ ಹೇಳಲಿ? ನಿಮಗಾದರೆ ಹೇಳಬಹುದು. ಇದನ್ನು ಓದಲು ಕೂತಿದ್ದೀರಿ ಎಂದರೆ ಸ್ವಲ್ಪ ಬಿಡುವಿದೆ ಎಂದೇ ಅರ್ಥ.

ಮಸ್ಕತ್ತಿನ ಘಾಲಾದಲ್ಲಿ ವಾಹನಗಳ ಬಿಡಿಭಾಗ ಮಾರುವ ಅಂಗಡಿ ನಮ್ಮದು. ನಮ್ಮದು ಎಂದರೆ ಖಲ್ಫಾನ್ ಅರ್ಬಾಬರದು. ಮಸ್ಕತ್ತಿಗೆ ಬಂದ ದಿನದಿಂದ ನಾನಲ್ಲಿ ಸ್ಟೋರ್ ಕೀಪರ್. ಮಾಲೀಕನನ್ನು ಅರ್ಬಾಬ್ ಎಂದು ಕರೆಯುವುದು ಇಲ್ಲಿನ ವಾಡಿಕೆ. ಅವರು ನನ್ನ ಹೆಸರು ಹಿಡಿದು ಕರೆದದ್ದೇ ಇಲ್ಲ, ಯಾವಾಗಲೂ ಸದೀಕ್, ಅಂದರೆ ಗೆಳೆಯ. ಬೈಯುವಾಗಲೂ ಸದೀಕ್ ಎಂದೇ ಬೈಯುತ್ತಿದ್ದರು. ನಾವು ಮಾತಾಡುತ್ತಿದ್ದದ್ದು ಹಿಂದಿಯಲ್ಲಿ. ಅವರ ಹಿಂದಿಯೂ ನನ್ನ ಹಿಂದಿಯೂ ಒಂದಕ್ಕಿಂತ ಒಂದು ಕುಲಗೆಟ್ಟದ್ದಾದ್ದರಿಂದ ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಅರ್ಬಾಬರಿಗೆ ರುಸ್ತಾಕಿನ ಕಡೆ ಒಂದು ಖರ್ಜೂರದ ತೋಟ. ಅಲ್ಲಿ ಅವರು ಆಸೆಪಟ್ಟು ಸಾಕಿದ ಟರ್ಕಿ ಕೋಳಿಗಳು ಒಂದು ವರ್ಷ ವಾದಿಯಲ್ಲಿ, ಅಂದರೆ ಮಳೆ ಬಂದರಷ್ಟೇ ಹರಿಯುವ ಪಕ್ಕದ ಒಣಹಳ್ಳದಲ್ಲಿ, ನೀರು ಬಂದು ತೋಟದ ಗೋಡೆ ಕುಸಿದಾಗ ಹೊರಗೆ ನುಗ್ಗಿದವು. ಆಮೇಲೆ ಕರೆದರೂ ಬರಲಿಲ್ಲ. ವಾದಿಯ ಬೋರೆ ಮರಗಳಲ್ಲಿ ಮಲಗಿ, ಅಲ್ಲೇ ಮರಿ ಮಾಡಿ, ಎರಡು ಮೂರು ವರ್ಷದಲ್ಲಿ ಮನುಷ್ಯರ ನೆರಳು ಕಂಡರೆ ಮಾಯವಾಗುವಷ್ಟು ಕಾಡಾದವು. ಈ ದೇಶದಲ್ಲಿ ಕಾಡುಪ್ರಾಣಿಯ ಬೇಟೆ ನಿಷಿದ್ಧ. ಆದರೆ ಇವು ಅರ್ಬಾಬರವೇ ಕೋಳಿಗಳಲ್ಲವೇ? ಪಕ್ಕದ ತೋಟದವನ ಕುದುರೆಮೆಂತ್ಯವನ್ನು ದಿನವೂ ಮೇದು ಬರುತ್ತಿದ್ದ ಮುದಿ ಹುಂಜವೊಂದನ್ನು ತಾವೇ ಬಾಣದಿಂದ ಹೊಡೆಯುವುದಾಗಿ ಅವರು ಅವನಿಗೆ ಮಾತು ಕೊಟ್ಟರು.

ಬಿಲ್ಲು ಅವರ ಹುಚ್ಚು. ಎರಡೂ ತುದಿಗೆ ಗಾಲಿಯಿರುವ ಹೊಸ ಕಾಲದ ಬಿಲ್ಲು. ಆದರೆ ಆ ಚಳಿಗಾಲದಿಂದ ಅವರ ಬಲಗೈ ನಡುಗತೊಡಗಿತ್ತು. ಡಾಕ್ಟರು ರೋಗದ ಹೆಸರು ಹೇಳಿದ್ದರು, ಮಕ್ಕಳು ಬಿಲ್ಲನ್ನು ಬೀರುವಿನಲ್ಲಿಡಿ ಎಂದಿದ್ದರು.

“ಒಂದೇ ಬಾಣ, ಸದೀಕ್,” ಎಂದರು ನನ್ನೊಬ್ಬನನ್ನೇ ಕರೆದು. “ಕೈ ಅಲುಗದೆ ನಿಂತರೆ ನಾನು ಇನ್ನೂ ಖಲ್ಫಾನ್. ನಿಲ್ಲದಿದ್ದರೆ ಖಲಾಸ್. ಮಕ್ಕಳು ಹೇಳಿದ ಹಾಗೆ. ನೀನು ಪಕ್ಕದಲ್ಲಿ ಕೂತಿರು.”

ನನ್ನನ್ನೇ ಏಕೆ ಆರಿಸಿದರೆಂದರೆ, ಸ್ಟೋರಿನಲ್ಲಿ ಗಂಟೆಗಟ್ಟಲೆ ಅಲುಗದೆ ಕೂರುವವನು ನಾನು ಎಂಬ ಖ್ಯಾತಿಯಿತ್ತು. ಅದು ಸೋಮಾರಿತನ ಎಂದು ಗೊತ್ತಿದ್ದವಳು ನನ್ನ ಹೆಂಡತಿ ಮಾತ್ರ. “ಒಂದು ಕೋಳಿಗೋಸ್ಕರ ಶುಕ್ರವಾರ ಬೆಳಿಗ್ಗೆ ನಿದ್ದೆ ಬಿಟ್ಟು ಅಷ್ಟು ದೂರ ಹೋಗುದಾ ನೀವು? ಸೂಪರ್ ಮಾರ್ಕೆಟಲ್ಲಿ ಕ್ಲೀನ್ ಮಾಡಿದ್ದೇ ಸಿಗ್ತದಲ್ಲ ಮಾರಾಯ್ರೆ!” ಎಂದಳು.

ವಸಂತದ ದಿನಗಳು. ತೋಟದಲ್ಲಿ ಆಳುಗಳು ಖರ್ಜೂರದ ಗಂಡು ಹೂವನ್ನು ಹೆಣ್ಣು ಗೊಂಚಲಿಗೆ ಕಟ್ಟುವ ಕಾಲ. ವಾದಿಯ ಅಂಚಿನಲ್ಲಿ ಅರ್ಬಾಬರು ಖರ್ಜೂರದ ಗರಿಗಳಿಂದ ಆಳೆತ್ತರದ ಮರೆ ಕಟ್ಟಿಸಿದ್ದರು. ಬಾಣ ಬಿಡಲು ಅದಕ್ಕೊಂದು ಕಿಂಡಿ. ಒಳಗೆ ಇಬ್ಬರೂ ಮೊಣಕಾಲು ಮಡಚಿ ಕೂತೆವು. ಬೆಳಕು ಹರಿಯುವ ಹೊತ್ತಿಗೆ ನನ್ನ ಕಾಲು ಜೋಮು ಹಿಡಿದಿತ್ತು. ಅರ್ಬಾಬರು ಪಿಸುಗುಟ್ಟಿ ಪಾಠ ಹೇಳಿದರು: ಈ ಹಕ್ಕಿಯ ಕಣ್ಣು ಬಹಳ ಚುರುಕು, ರೆಪ್ಪೆ ಬಡಿದರೂ ಕಾಣುತ್ತದೆ. ಅದು ಬೆನ್ನು ತಿರುಗಿಸಿದಾಗ ಅದರ ಬಿಚ್ಚಿದ ಬಾಲವೇ ಅದರ ಕಣ್ಣಿಗೆ ಅಡ್ಡ. ಬಿಲ್ಲು ಎಳೆಯುವುದು ಆಗ ಮಾತ್ರ. ಅದು ಮತ್ತೆ ಇತ್ತ ತಿರುಗಿ ಕತ್ತೆತ್ತಿದಾಗ ಬಿಡುವುದು. ನಡುವೆ ಯಾರೂ ಅಲುಗಕೂಡದು.

ಮೊದಲು ಬಂದದ್ದು ಹಕ್ಕಿಯಲ್ಲ, ಆ ಸದ್ದು. ಕೂಗಲ್ಲ, ನೆಲದೊಳಗಿಂದ ಏಳುವ ಗುಂಯ್ ಎಂಬ ನಡುಕ. ನನ್ನ ಎದೆಗೂಡು ಅದರ ಜತೆ ಮಿಡಿಯಿತು. ಆಮೇಲೆ ಬೋರೆ ಮರದ ಹಿಂದಿನಿಂದ ಅದು ಬಂತು. ಹೇಗೆ ಹೇಳಲಿ ನಿಮಗೆ? ನಾನು ಅಲ್ಲಿಯವರೆಗೆ ಟರ್ಕಿ ಕೋಳಿ ಎಂದರೆ ಫ್ರೀಜರಿನಲ್ಲಿರುವ ಬಿಳಿ ಮುದ್ದೆ ಎಂದು ತಿಳಿದಿದ್ದ ಮನುಷ್ಯ. ಹದಿನೈದು ಹೆಜ್ಜೆ ದೂರದಲ್ಲಿ ಅದು ಬಾಲವನ್ನು ಪೂರ್ತಿ ಬಿಚ್ಚಿತು. ಆಗಷ್ಟೇ ಗುಡ್ಡ ದಾಟಿದ ಬಿಸಿಲು ಗರಿಯ ಮೇಲೆ ಬಿದ್ದು ತಾಮ್ರ, ಹಸಿರು, ಮತ್ತೆ ತಾಮ್ರ. ಬೋಳು ತಲೆ ನೋಡನೋಡುತ್ತಿದ್ದಂತೆ ಕೆಂಪಿನಿಂದ ನೀಲಿಗೆ, ನೀಲಿಯಿಂದ ಬಿಳಿಗೆ ತಿರುಗಿತು. ರೆಕ್ಕೆಯ ತುದಿಗಳನ್ನು ಜಲ್ಲಿಯ ಮೇಲೆ ಎಳೆಯುತ್ತ, ಒಂದು ಹೆಜ್ಜೆ ಇಟ್ಟು ನಿಂತು, ಮತ್ತೊಂದು ಇಟ್ಟು ನಿಂತು, ನಿಧಾನವಾಗಿ ಸುತ್ತು ತಿರುಗಿತು.

ಅದು ಬೆನ್ನು ಕೊಟ್ಟಾಗ ಪಕ್ಕದಲ್ಲಿ ಬಿಲ್ಲಿನ ಗಾಲಿ ಮೆಲ್ಲಗೆ ಉರುಳಿದ್ದು ಕೇಳಿಸಿತು. ಅರ್ಬಾಬರು ಎಳೆದಿದ್ದರು. ಹಕ್ಕಿ ಸುತ್ತು ಮುಗಿಸಿ ನೇರ ನಮ್ಮ ಕಿಂಡಿಗೇ ಮುಖ ಮಾಡಿತು. ಆದರೆ ಕತ್ತನ್ನು ಗರಿಯೊಳಗೆ ಹುದುಗಿಸಿಕೊಂಡೇ ಇತ್ತು. ಅರ್ಬಾಬರು ಕಾದರು. ಅದು ನೋಡುತ್ತ ನಿಂತಿತು. ಎಷ್ಟು ಹೊತ್ತು? ನನಗೆ ಅದೊಂದು ಇಡೀ ಬೆಳಗು. ಕೊನೆಗೆ ಅದು ಕತ್ತೆತ್ತಿತು. ಅರ್ಬಾಬರ ತುಟಿಯಲ್ಲಿ “ಬಿಸ್ಮಿ...” ಎನ್ನುವಷ್ಟು ಉಸಿರು ಹೊರಟಿತು.

ಅದೇ ಕ್ಷಣಕ್ಕೆ ನನ್ನ ಎರಡೂ ಕೈಗಳು ತಾವಾಗಿ ಮೇಲೆದ್ದು ಮುಗಿದುಕೊಂಡವು.

ನಗಬೇಡಿ. ನಮ್ಮೂರಿನಲ್ಲಿ ಭೂತಕೋಲದ ದಿನ, ಬೆನ್ನಿಗೆ ಪ್ರಭಾವಳಿಯಂಥ ಅಣಿ ಕಟ್ಟಿದ ದೈವ ಸುತ್ತು ತಿರುಗಿ ನಿಮ್ಮ ಎದುರು ನಿಂತು ದಿಟ್ಟಿಸಿದರೆ, ಕೈ ಮುಗಿಯಲೋ ಬೇಡವೋ ಎಂದು ಯೋಚಿಸುವವರು ಯಾರೂ ಇಲ್ಲ. ಚಿಕ್ಕಂದಿನಿಂದ ಆ ಅಭ್ಯಾಸ ಬಿದ್ದ ಕೈಗಳಿಗೆ ಇದು ಒಮಾನ್, ಅದು ಕೋಳಿ ಎಂದು ಗೊತ್ತಾಗಲಿಲ್ಲ, ಅಷ್ಟೇ.

ಹಕ್ಕಿ ಇರಲಿಲ್ಲ. ಜಲ್ಲಿಯ ಮೇಲೆ ಒಂದಿಷ್ಟು ಧೂಳು ಮಾತ್ರ ಇತ್ತು. ಅರ್ಬಾಬರು ಹೆದೆಯನ್ನು ಮೆಲ್ಲಗೆ ಸಡಿಲಿಸಿ, ನನ್ನ ಮುಗಿದ ಕೈಗಳನ್ನು ನೋಡಿದರು. ಬಿಲ್ಲು ಕೆಳಗಿಟ್ಟಾಗ ಅವರ ಬಲಗೈ ನಡುಗುತ್ತಿತ್ತು.

“ಖಲಾಸ್,” ಎಂದರು.

ಆಮೇಲೆ ಅವರು ಬಿಲ್ಲು ಹಿಡಿಯಲಿಲ್ಲ. ಹಿಡಿಯಲು ಆಗಲೂ ಇಲ್ಲ. ಅಂಗಡಿ ಮಕ್ಕಳ ಕೈಗೆ ಹೋಯಿತು. ನಾಲ್ಕು ವರ್ಷ ನಾನು ಹಬ್ಬಹಬ್ಬಕ್ಕೆ ತೋಟಕ್ಕೆ ಹೋಗಿ ಸಲಾಂ ಹೇಳಿ ಬಂದೆನೇ ಹೊರತು ಆ ದಿನದ ಮಾತೆತ್ತಲಿಲ್ಲ. ನಾಚಿಕೆ ಎನ್ನಿ, ಭಯ ಎನ್ನಿ. ಒಬ್ಬ ಮನುಷ್ಯನ ಕೊನೆಯ ಬಾಣವನ್ನು ನಾನು ತಿಂದುಹಾಕಿದ್ದೆ.

ಮೊನ್ನೆಯ ಆ ಸದ್ದಿನ ಮೇಲೆ ತಡೆಯಲಾಗಲಿಲ್ಲ. ಶುಕ್ರವಾರ ಮಧ್ಯಾಹ್ನ ತೋಟಕ್ಕೆ ಹೋದೆ. ಅತಿಥಿಗಳನ್ನು ಕೂರಿಸುವ ಮಜ್ಲಿಸಿನಲ್ಲಿ ಅವರ ಮೂವರು ಗಂಡುಮಕ್ಕಳಿದ್ದರು. ಅರ್ಬಾಬರು ಬಲಗೈಯನ್ನು ಶಾಲಿನೊಳಗೆ ಇಟ್ಟುಕೊಂಡಿದ್ದರು. ಖಹ್ವಾ ಕಾಫಿ ಸುರಿದು ಕೊಟ್ಟವನು ಹಿರಿಯ ಮಗ. ಎಲ್ಲರೆದುರೇ ಹೇಳಿಬಿಟ್ಟೆ. “ಅರ್ಬಾಬ್, ಆ ದಿನದ್ದು ಮಾಫ್ ಮಾಡಿ. ನನ್ನಿಂದ ನಿಮ್ಮ ಬೇಟೆ ಹೋಯಿತು.”

“ಬೇಟೆ ಹೋಗಲಿ,” ಎಂದರು. ಮಾತೂ ಈಗ ತಡವರಿಸುತ್ತದೆ. “ಆ ದಿನ ನನ್ನ ಕೈ ನಡುಗಲಿಲ್ಲ ಎಂದರೆ ಇವರು ನಂಬುವುದಿಲ್ಲ. ನೀನು ಪಕ್ಕದಲ್ಲಿದ್ದೆ. ಹೇಳು.”

ಮಕ್ಕಳು ಮುದುಕರ ಮಾತಿಗೆ ನಗುವ ಹಾಗೆ ನಕ್ಕರು. ನಾನು ಬಟ್ಟಲನ್ನೇ ನೋಡುತ್ತ ಕೂತೆ. ಏಕೆಂದರೆ ಆಗ ನಾನು ನೋಡಿದ್ದು ಹಕ್ಕಿಯನ್ನು, ಅವರ ಕೈಯನ್ನಲ್ಲ. ಸುಳ್ಳು ಸಾಕ್ಷಿ ಹೇಳಲೇ?

ಆಗ ಹೊಳೆಯಿತು. ನನ್ನ ಅಂಗೈಗಳು ಒಂದು ಗೇಣು ಎದ್ದದ್ದಕ್ಕೆ ಓಡಿಹೋದ ಹಕ್ಕಿ ಅದು. ಅದೇ ಹಕ್ಕಿ, ಎಳೆದ ಬಿಲ್ಲಿನ ಎದುರು, ಹದಿನೈದು ಹೆಜ್ಜೆ ದೂರದಲ್ಲಿ, ಕಿಂಡಿಯನ್ನೇ ನೋಡುತ್ತ ಅಷ್ಟು ಹೊತ್ತು ನಿಂತಿತ್ತು. ಬಾಣದ ಮೊನೆ ಕೂದಲೆಳೆಯಷ್ಟು ಅಲುಗಿದ್ದರೆ ನಿಲ್ಲುತ್ತಿತ್ತೇ?

“ನಡುಗಲಿಲ್ಲ,” ಎಂದೆ.

“ವಲ್ಲಾ?” ಎಂದ ಹಿರಿಯ ಮಗ, ಆಣೆಯಿಡುತ್ತೀಯಾ ಎನ್ನುವಂತೆ.

“ವಲ್ಲಾ. ಸ್ವಲ್ಪವೂ ಇಲ್ಲ.”

ಅವನ ನಗು ನಿಂತಿತು. ಅರ್ಬಾಬರು ಶಾಲಿನೊಳಗಿಂದ ಬಲಗೈ ಹೊರತೆಗೆದರು. ತಟ್ಟೆಯಿಂದ ಒಂದು ಖರ್ಜೂರ ಆರಿಸಿ, ಮಕ್ಕಳೆಲ್ಲ ನೋಡುತ್ತಿದ್ದಂತೆ, ನಡುಗುವ ಕೈಯಿಂದಲೇ ಅದನ್ನು ನನ್ನ ಅಂಗೈಯಲ್ಲಿಟ್ಟರು.