ಕಾಳಿನ ಡಬ್ಬಿಗಳು ಕಲಿತ ಮಧ್ಯಾಹ್ನ

1958ರಲ್ಲಿ ನಾನು ರೋಣದ ಪೇಟೆಯಲ್ಲಿ ತಗಡಿನ ಕೆಲಸ ಮಾಡುತ್ತಿದ್ದೆ. ಓದಿದ್ದು ನಾಲ್ಕನೆಯ ಇಯತ್ತೆ. ತಮ್ಮ ಮಲ್ಲೇಶಿ ನರಗುಂದದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಅವನು ಓದಲೆಂದೇ ನಾನು ಶಾಲೆ ಬಿಟ್ಟಿದ್ದೆ.

ಸೋತು ಸೋತು ತಾನೇ ಕಲಿಯುವ ಯಂತ್ರಗಳನ್ನು ವಿದೇಶದಲ್ಲಿ ಕಟ್ಟುತ್ತಿದ್ದಾರೆಂದು ಅವನು ಓದಿದ್ದ. ನಮ್ಮಲ್ಲೂ ಆಗಬೇಕೆಂದು ನನ್ನಿಂದ ಎರಡರಿಂದ ಒಂಬತ್ತರವರೆಗೆ ಅಂಕಿ ಕೊರೆದ ಎಂಟು ಡಬ್ಬಿ ಮಾಡಿಸಿ, ಪ್ರತಿಯೊಂದಕ್ಕೂ ಜೋಳ, ಕಡಲೆ ಸಮಸಮ ತುಂಬಿದ. ಆಟ ಸರಳ. ಹತ್ತು ಹುಣಸೆಬೀಜ; ಸರದಿಗೆ ಒಂದೋ ಎರಡೋ ಎತ್ತಬೇಕು; ಕೊನೆಯದನ್ನು ಎತ್ತಿದವರು ಸೋತಂತೆ. ಮೊದಲ ಸರದಿ ಎದುರಾಳಿಯದು. ಆಮೇಲೆ ಎಷ್ಟು ಬೀಜ ಉಳಿದಿವೆಯೋ ಆ ಅಂಕಿಯ ಡಬ್ಬಿಯಿಂದ ಕಣ್ಣುಮುಚ್ಚಿ ಒಂದು ಕಾಳು ತೆಗೆಯುವುದು. ಜೋಳ ಬಂದರೆ ಒಂದು ಬೀಜ, ಕಡಲೆ ಬಂದರೆ ಎರಡು. ಡಬ್ಬಿ ಸೋತರೆ ಆ ಕಾಳುಗಳನ್ನು ಎಸೆಯುವುದು. ಗೆದ್ದರೆ ಅವನ್ನು ಆಯಾ ಡಬ್ಬಿಗೆ ಮರಳಿಸಿ, ಅದೇ ಕಾಳು ಇನ್ನಷ್ಟು ಹಾಕುವುದು.

ಅಂಗಡಿಯಲ್ಲಿ ಬಿಡುವಿದ್ದಾಗಲೆಲ್ಲ ಆಡಿದೆ. ತಿಂಗಳೊಳಗೆ ಡಬ್ಬಿಗಳು ನನ್ನನ್ನೇ ಸೋಲಿಸತೊಡಗಿದವು.

“ಏನ ಬಸಣ್ಣಾ, ನೀ ಮಾಡಿದ ಡಬ್ಬಿ ನಿನಗಿಂತ ಶಾಣ್ಯಾ ಆದವಲ್ಲೋ!” ಎಂದು ಪಕ್ಕದ ಅಂಗಡಿಯ ಹುಸೇನಸಾಬ ನಕ್ಕ. ನನಗೆ ನಗು ಬರಲಿಲ್ಲ.

ಯಂತ್ರ ನೋಡಲು ಧಾರವಾಡದಿಂದ ಪ್ರೊಫೆಸರರೊಬ್ಬರು ನರಗುಂದಕ್ಕೆ ಬರುವವರಿದ್ದರು. ಮೆಚ್ಚಿದರೆ ಮಲ್ಲೇಶಿಗೆ ಅವರ ಪ್ರಯೋಗಾಲಯದಲ್ಲಿ ಜಾಗ; ನನಗೆ ಅದೇ ತಗಡು, ಅದೇ ಸುತ್ತಿಗೆ. ಡಬ್ಬಿಗಳನ್ನು ಬಸ್ಸಿನಲ್ಲಿ ಒಯ್ದವನು ನಾನು. ದಾರಿಯಲ್ಲಿ ಕಾಳನ್ನೆಲ್ಲ ಧೋತರದ ಉಡಿಗೆ ಸುರಿದು, ಕಲಸಿ, ಮತ್ತೆ ಎಲ್ಲ ಡಬ್ಬಿಗೂ ಸಮನಾಗಿ ತುಂಬಿದೆ. ತಿಂಗಳ ಕಲಿಕೆ ಅಳಿಸಿಹೋಯಿತು.

ಹೈಸ್ಕೂಲಿನಲ್ಲಿ, ವಿದ್ಯಾರ್ಥಿಗಳೆದುರು, ಮೊದಲ ಐದೂ ಆಟ ಪ್ರೊಫೆಸರರೇ ಗೆದ್ದರು.

“ಏನ್ರಿ ಮಾಸ್ತರ, ಇದ ಏನ್ರಿ ನಿಮ್ಮ ಶಾಣ್ಯಾ ಡಬ್ಬಿ?”

ಮಲ್ಲೇಶಿ ಒಂದು ಡಬ್ಬಿಯ ಕಾಳನ್ನು ಅಂಗೈಗೆ ಸುರಿದುಕೊಂಡು ನೋಡಿದ; ಜೋಳ, ಕಡಲೆ ಮೊದಲಿನಂತೆ ಸಮಸಮ. ಆಮೇಲೆ ನನ್ನ ಮುಖ ನೋಡಿದ.

“ಇವತ್ತ ಹುಟ್ಟಿದ ಕೂಸು ಅಂತ ತಿಳೀರಿ ಸರ,” ಎಂದ. “ನೀವ ಆಡ್ರಿ. ನಿಮ್ಮ ಕಡಿಂದನ ಕಲೀತೈತಿ.”

ಇಪ್ಪತ್ತು ಆಟದ ಹೊತ್ತಿಗೆ ಸಮಸಮ. ನಲವತ್ತು ದಾಟಿದ ಮೇಲೆ ಪ್ರೊಫೆಸರರು ಒಂದನ್ನೂ ಗೆಲ್ಲಲಿಲ್ಲ. ವಿದ್ಯಾರ್ಥಿಗಳು ಬೆಂಚು ಬಡಿದು ಕೂಗಿದರು.

“ಗೆಲ್ಲೂ ಡಬ್ಬಿ ತಂದು ಇಟ್ಟಿದ್ರ ಕೈಚಳಕ ಅಂತಿದ್ದೆ,” ಎಂದರು ಪ್ರೊಫೆಸರರು, ಬೆವರು ಒರೆಸಿಕೊಳ್ಳುತ್ತ. “ಕಲಿಯೂದನ್ನ ಕಣ್ಣಾರೆ ಕಂಡೆ. ಲಗೂ ಧಾರವಾಡಕ್ಕ ಬರ್ರಿ.”

ಮಲ್ಲೇಶಿ ವಿದ್ಯಾರ್ಥಿಗಳು ತನಗೆ ಹಾಕಿದ ಹಾರ ತೆಗೆದು ನನ್ನ ಕೊರಳಿಗೆ ಹಾಕಿದ. “ಡಬ್ಬಿ ಎಲ್ಲಾ ನಮ್ಮಣ್ಣಂದ್ರಿ!” ಚಪ್ಪಾಳೆ ನಿಲ್ಲಲೇ ಇಲ್ಲ. ಕಾಳು ಹೇಗೆ ಕಲಸಿಹೋಯಿತೆಂದು ಅವನು ಎಂದೂ ಕೇಳಲಿಲ್ಲ.

ಸೋರುವ ಜಾಗ ತೋರಿಸದ ಹೊರತು ಬೆಸುಗೆ ಹಾಕಲಾಗದು ಎಂದು ಗಿರಾಕಿಗಳಿಗೆ ಜೀವಮಾನವಿಡೀ ಹೇಳಿದವನು ನಾನು. ನನ್ನದನ್ನು ಮಾತ್ರ ಮುಚ್ಚಿಟ್ಟೆ. ತಮ್ಮಾ, ಆ ಕಾಳು ಕಲಸಿದವನು ನಾನೇ.